ಹಳದಿಗೆ ನೇರಳೆ ಕಾಲು

ಗುರುವಾರ ಬೆಳಿಗ್ಗೆ ಏಳೂ ಹತ್ತಕ್ಕೆ, ವಿಶ್ವವಿದ್ಯಾಲಯದ ಮುಂದೆ ಎರಡು ವಿಭಾಗಗಳ ಎರಡು ದಿನದ ಪ್ರವಾಸದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿದ್ದಾಗ, ಅಗಾತಾಳ ಓವರಾಲಿನ ಬಲಗಾಲನ್ನು ಅವಳ ಸೈಕಲ್ಲಿನ ಚೈನು ತಿಂದುಹಾಕಿತು.

ಕಾಲಿಗೆ ಏನೂ ಆಗಲಿಲ್ಲ. ಒಳಗೆ ಉಣ್ಣೆಯ ಪ್ಯಾಂಟು ತೊಟ್ಟಿದ್ದರಿಂದ ಮಾನಕ್ಕೂ ಏನೂ ಆಗಲಿಲ್ಲ. ಆದರೆ ಮೊಣಕಾಲಿನಿಂದ ಕೆಳಗಿನ ಬಟ್ಟೆ ಸೀಳಿ, ಗ್ರೀಸು ಮೆತ್ತಿಕೊಂಡು, ಗ್ಯಾರೇಜಿನಲ್ಲಿ ಕೈ ಒರೆಸುವ ಚಿಂದಿಯಂತೆ ಜೋತಾಡುತ್ತಿತ್ತು. ನವೆಂಬರ್ ತಿಂಗಳು, ಫಿನ್ನಿಷ್ ನಾಡಿನ ಔಲು ನಗರದಲ್ಲಿ ಬೆಳಕು ಹರಿಯಲು ಇನ್ನೂ ಹೊತ್ತಿತ್ತು. ಅಗಾತಾ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಬೀಗ ಹಾಕಿ, ಚಿಂದಿಯನ್ನು ಸೀರೆಯ ನೆರಿಗೆ ಎತ್ತಿ ಹಿಡಿದಂತೆ ಹಿಡಿದುಕೊಂಡು ಬಸ್ಸು ಹತ್ತಿದಳು.

ಆ ಊರಿನ ವಿದ್ಯಾರ್ಥಿಗಳಿಗೆ ಓವರಾಲ್ ಎಂದರೆ ಬರೀ ಬಟ್ಟೆಯಲ್ಲ. ಮೆಕ್ಯಾನಿಕ್‌ಗಳು ತೊಡುವಂಥದೇ ಅಂಗಿ–ಪ್ಯಾಂಟು ಕೂಡಿದ ಉಡುಪು. ಓದುವ ವಿಷಯಕ್ಕೊಂದು ಬಣ್ಣ. ರಾಸಾಯನಿಕ ಎಂಜಿನಿಯರಿಂಗಿನವರದು ಹಳದಿ, ವಿದ್ಯುತ್ ವಿಭಾಗದವರದು ನೇರಳೆ. ಪ್ರವಾಸಕ್ಕೆ, ಪಾರ್ಟಿಗೆ, ಮೇ ಹಬ್ಬಕ್ಕೆ ಅದೇ ಬೇಕು. ಹೋದ ಕಡೆಯೆಲ್ಲ ಸಿಗುವ ಬಣ್ಣಬಣ್ಣದ ತೇಪೆಗಳನ್ನು ಅದರ ಮೇಲೆ ಕೈಯಲ್ಲೇ ಹೊಲಿದುಕೊಳ್ಳಬೇಕು. ಒಗೆಯುವಂತಿಲ್ಲ. ಒಗೆಯಲೇಬೇಕು ಎನಿಸಿದರೆ ತೊಟ್ಟುಕೊಂಡು ನೀರಿಗೆ ಇಳಿಯಬೇಕು. ಈ ಕೊನೆಯ ವಿಷಯವನ್ನು ಅಗಾತಾ ಇಟಲಿಯ ಕತಾನಿಯಾದಲ್ಲಿದ್ದ ತಾಯಿಗೆ ಹೇಳಿದ ದಿನ, ಆ ಮಹಾತಾಯಿ ಜೀವನದಲ್ಲಿ ಮೊದಲ ಸಲ ತಾನಾಗಿ ಫೋನ್ ಇಟ್ಟಿದ್ದಳು.

ಅಗಾತಾ ಒಂದು ವರ್ಷದ ಓದಿಗೆಂದು ಆಗಸ್ಟಿನಲ್ಲಿ ಬಂದವಳು. ಕತಾನಿಯಾದಲ್ಲಿ ಟೊಮ್ಯಾಟೊ ಕೊಳ್ಳಲು ಹೋದರೂ ಅಂಗಡಿಯವನ ಮಗಳ ಹೆರಿಗೆಯ ಸಮಾಚಾರ ಕೇಳದೆ ಬರುವಂತಿಲ್ಲ. ಇಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬರಿಗೆ "ಶುಭೋದಯ" ಅಂದಳು. ಅವರು ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದಿನ ನಿಲ್ದಾಣಕ್ಕೆ ನಡೆದೇ ಹೋದರು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅವಳು ಹಾಸ್ಟೆಲಿನ ಫ್ರಿಜ್ಜಿನ ಜೊತೆ ಮಾತಾಡಲು ಶುರು ಮಾಡಿದ್ದಳು. ಕ್ರಿಸ್ಮಸ್ಸಿಗೆ ಊರಿಗೆ ಹೋಗುವುದು, ಹೋದವಳು ಬರದೇ ಇರುವುದು ಎಂದು ನಿಶ್ಚಯಿಸಿದ್ದಳು. ಕೋಣೆ ಬಿಡುವುದಾದರೆ ನವೆಂಬರ್ ಕೊನೆಯೊಳಗೆ ಹೇಳಿ ಎಂದು ವಸತಿ ಕಚೇರಿಯವರು ತಿಳಿಸಿದ್ದರು.

ಆ ನಿಶ್ಚಯ ಅಲುಗಾಡಿದ್ದು ಆಪೊನಿಂದ. ಆಪೊ ವಿದ್ಯುತ್ ವಿಭಾಗದವನು. ಎರಡೂ ವಿಭಾಗಕ್ಕೆ ಸೇರಿದ ಒಂದು ಪ್ರಯೋಗಾಲಯದಲ್ಲಿ ಅವಳ ಜೊತೆಗಾರ. ಉದ್ದನೆಯ ಹುಡುಗ, ಮಾತು ಕಡಿಮೆ. ಮೊದಲ ಎರಡು ವಾರ ಅವನ ಬಗ್ಗೆ ಅವಳಿಗೆ ತಿಳಿದದ್ದು ಹೆಸರು ಮತ್ತು ಗಾಜಿನ ಸಾಮಾನುಗಳನ್ನು ಅವನು ಬಹಳ ಚೆನ್ನಾಗಿ ತೊಳೆಯುತ್ತಾನೆ ಎಂಬುದು. ಒಂದು ದಿನ ಅವನೇ ಅಂದ:

"ಭಾನುವಾರ ಅಣಬೆ. ಬರ್ತೀಯಾ?"

ಹೋದಳು. ಇಡೀ ದಿನ ಕಾಡಿನಲ್ಲಿ ಅಲೆದರು. ಅವನು ಆಡಿದ್ದು ಹೆಚ್ಚುಕಡಿಮೆ ಅಣಬೆಗಳ ಹೆಸರು ಮಾತ್ರ. ಉಳಿದದ್ದೆಲ್ಲ ಅವಳೇ ಆಡಿದಳು. ಸಂಜೆ ಹಾಸ್ಟೆಲಿನ ಬಾಗಿಲಲ್ಲಿ ಅವನು ಸ್ವಲ್ಪ ಯೋಚಿಸಿ, "ಚೆನ್ನಾಗಿತ್ತು" ಅಂದ. ಅವನು ಅಂದದ್ದು ನಿಜವೆಂದೇ ಅವಳಿಗೆ ಗೊತ್ತಾಯಿತು. ಆಮೇಲೆ ಹಳೆಯ ಸ್ಕೇಟುಗಳನ್ನು ಹುಡುಕಲು ಹೋದದ್ದಾಯಿತು. ಸೌನಾ ಎಂಬ ಬಿಸಿ ಹಬೆಯ ಬೆವರು ಕೋಣೆಯಿಂದ ನೇರ ಸಮುದ್ರಕ್ಕೆ ಓಡಿದ್ದಾಯಿತು. ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸಾರು, ಸಿಹಿದೋಸೆ ಇರುವ ದಿನ ಎದುರುಬದುರು ಕೂರುವುದು ರೂಢಿಯಾಯಿತು.

"ಯಾರೇ ಅವನು?" ಎಂದು ತಾಯಿ ಫೋನಿನಲ್ಲಿ ಕೇಳಿದ್ದಳು.

"ಸ್ನೇಹಿತ, ಅಮ್ಮಾ. ಇಲ್ಲಿ ನಂಗಿರೋದು ಅವನೊಬ್ಬನೇ."

"ಒಬ್ಬನೇನಾ? ಇಷ್ಟು ತಿಂಗಳಿಗೆ?"

"ಇಲ್ಲಿ ಒಬ್ಬ ಅಂದ್ರೆ ಜಾಸ್ತಿ ಕಣಮ್ಮಾ."

ಹಿಲ್ಲಾ ಲೆಕ್ಕಕ್ಕಿಲ್ಲ. ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು ವಿಭಾಗ ನೇಮಿಸಿದ ಹಿರಿಯ ವಿದ್ಯಾರ್ಥಿನಿ ಅವಳು. ಚಳಿಯ ಬೂಟು ಎಲ್ಲಿ ಸಿಗುತ್ತದೆ ಎಂದು ಹೇಳುವುದು ಅವಳ ಕೆಲಸ. ಒಳಗೆ ಎಷ್ಟೇ ನಗು ಬಂದರೂ ಮುಖದ ಒಂದು ಗೆರೆಯೂ ಅಲುಗದ ಹುಡುಗಿ. ಆ ಮುಖವನ್ನು ನಂಬಿ ಕೆಟ್ಟವರು ಹಲವರು. ಈಜುಕೊಳಕ್ಕೆ ಇಳಿಯುವ ಮುಂಚೆ ಕಾವಲುಗಾರನಿಗೆ ಬಗ್ಗಿ ನಮಸ್ಕರಿಸುವುದು ಇಲ್ಲಿಯ ಶಿಷ್ಟಾಚಾರ ಎಂದು ಅವಳು ಒಬ್ಬ ಫ್ರೆಂಚ್ ಹುಡುಗನಿಗೆ ಹೇಳಿದ್ದಳು. ಅವನು ಅಕ್ಟೋಬರ್‌ವರೆಗೂ ನಮಸ್ಕರಿಸಿದ. ಕಾವಲುಗಾರನೂ ತಿರುಗಿ ನಮಸ್ಕರಿಸುತ್ತಿದ್ದುದರಿಂದ ಸಂಶಯಕ್ಕೆ ಎಡೆಯಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ಅಗಾತಾ ಅವಳ ಪಕ್ಕದಲ್ಲೇ ಕುಳಿತು ಹರಿದ ಕಾಲನ್ನು ತೋರಿಸಿದಳು.

"ಹೊಲಿದ್ರೆ ಸರಿಹೋಗಲ್ವಾ?"

ಹಿಲ್ಲಾ ವೈದ್ಯರಂತೆ ಬಟ್ಟೆಯನ್ನು ಎತ್ತಿ ನೋಡಿದಳು. "ಇದು ಸತ್ತೋಗಿದೆ."

"ಹೊಸ ಬಟ್ಟೆ ಹಾಕಿ?"

"ಹೊಸ ಬಟ್ಟೆ ಯಾರೂ ಹಾಕಲ್ಲ. ಇನ್ನೊಬ್ಬರ ಹತ್ರ ಕಾಲು ಬದಲಾಯಿಸ್ಕೋತಾರೆ. ನಿನ್ನದು ಅವರಿಗೆ, ಅವರದು ನಿಂಗೆ. ಹೋದ ವರ್ಷ ನಮ್ಮ ವಿಭಾಗದಲ್ಲೇ ಎಷ್ಟೋ ಜನ ಮಾಡಿದ್ರು."

"ಈ ಎಣ್ಣೆ ಬಟ್ಟೆ ಯಾರೇ ತಗೋತಾರೆ?"

"ನಿನ್ನ ಮೇಲೆ ಅಭಿಮಾನ ಇರೋರು ತಗೋತಾರೆ."

"ನೀನೇ ತಗೋ ಮತ್ತೆ."

"ನಂದೂ ಹಳದಿ ಕಣೇ. ಹಳದಿಗೆ ಹಳದಿ ಹಾಕಿದ್ರೆ ಬದಲಾಯಿಸಿದ್ದು ಯಾರಿಗೆ ಗೊತ್ತಾಗುತ್ತೆ? ಬೇರೆ ಬಣ್ಣದೋರನ್ನ ಕೇಳು."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಹಿಲ್ಲಾ ಹೇಳದೆ ಬಿಟ್ಟದ್ದು ಒಂದೇ ಒಂದು ವಿಷಯ: ಓವರಾಲಿನ ತೋಳನ್ನು ಗೆಳೆಯರು ಬದಲಾಯಿಸಿಕೊಳ್ಳಬಹುದು, ಕಾಲನ್ನು ಬದಲಾಯಿಸಿಕೊಳ್ಳುವವರು ಪ್ರೇಮಿಗಳು. ಹುಡುಗಿಯ ಹಳದಿ ಉಡುಪಿಗೆ ಹುಡುಗನ ನೇರಳೆ ಕಾಲು ಬಂತೆಂದರೆ ಇವನು ನನ್ನವನು ಎಂದು ಡಂಗುರ ಹೊಡೆದಂತೆ.

"ಫಿನ್ನಿಷ್‌ನಲ್ಲಿ ಹೇಗೆ ಕೇಳೋದು ಹೇಳಿಕೊಡು," ಅಂದಳು ಅಗಾತಾ.

ಹಿಲ್ಲಾ ಹೇಳಿಕೊಟ್ಟಳು. ಉಚ್ಚಾರ ತಪ್ಪಿದಲ್ಲಿ ತಿದ್ದಿದಳು. ಬಸ್ಸು ಊರಿನ ಸೇತುವೆ ದಾಟಿ ಉತ್ತರದ ಹೆದ್ದಾರಿ ಹಿಡಿದಾಗ ಅಗಾತಾ ಎದ್ದು ನಡುದಾರಿಯಲ್ಲಿ ನಿಂತು, ಕತಾನಿಯಾದ ಮೀನು ಮಾರುಕಟ್ಟೆಗೆ ಕೇಳಿಸುವ ದನಿಯಲ್ಲಿ, ಒಂದಕ್ಷರವೂ ತಪ್ಪದೆ ಕೇಳಿದಳು:

"ಆಪೊ! ನಿನ್ನ ಕಾಲು ನಂಗೆ ಕೊಡ್ತೀಯಾ? ನನ್ನದನ್ನ ನಿಂಗೆ ಕೊಡ್ತೀನಿ!"

ಅಲ್ಲಿಯ ಬಸ್ಸುಗಳಲ್ಲಿ ಹೇಗೂ ಸದ್ದಿರುವುದಿಲ್ಲ. ಆ ಇಲ್ಲದ ಸದ್ದೂ ನಿಂತುಹೋಯಿತು. ಆಪೊ ರೈ ಬ್ರೆಡ್ಡಿನ ತುಂಡೊಂದನ್ನು ಬಾಯಿಗಿಡುವವನಿದ್ದ. ಮೊದಲು ಅವನ ಕಿವಿಗಳು ಕೆಂಪಾದವು, ಆಮೇಲೆ ಕತ್ತು. ಅವನು ಅಗಾತಾಳನ್ನು ನೋಡಿದ. ಅವಳ ಕೈಯಲ್ಲಿದ್ದ ಚಿಂದಿಯನ್ನು ನೋಡಿದ. ಒಂದು ಗಳಿಗೆ ಹಿಲ್ಲಾಳ ಕಡೆ ನೋಡಿದ. ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟ.

"ಯೋ," ಅಂದ. ಅಂದರೆ ಹೌದು. ಇಲ್ಲಿಯವರು ಆ ಮಾತನ್ನು ಉಸಿರು ಒಳಗೆಳೆದುಕೊಳ್ಳುತ್ತಾ ಹೇಳುವುದರಿಂದ, ತಣ್ಣೀರಿಗೆ ಬಿದ್ದವನ ಉದ್ಗಾರದಂತೆ ಕೇಳಿಸಿತು. "ಯಾರ ಹತ್ರನಾದ್ರೂ ಕತ್ತರಿ ಇದ್ಯಾ?"

ಬಸ್ಸಿನ ತುಂಬ ಕತ್ತರಿಗಳಿದ್ದವು. ತೇಪೆ ಹೊಲಿಯುವ ಜನ. ಸೂಜಿ ಇಲ್ಲದೆ ಪ್ರವಾಸಕ್ಕೆ ಬರುವುದಿಲ್ಲ. ದಾರದ ಬದಲು ಹಲ್ಲಿನ ಸಂದಿ ತಿಕ್ಕುವ ನೂಲು, ಅದು ಸುಲಭಕ್ಕೆ ಕಿತ್ತುಬರುವುದಿಲ್ಲ ಎಂಬ ಕಾರಣಕ್ಕೆ. ಆಪೊ ತನ್ನ ನೇರಳೆ ಪ್ಯಾಂಟನ್ನು ಮೊಣಕಾಲಿನ ಬಳಿ ಕತ್ತರಿಸಿ ಕೊಟ್ಟ. ಅಗಾತಾ ಅಜ್ಜಿಯ ಕೈಯಲ್ಲಿ ಪಳಗಿದ ಹುಡುಗಿ, ಪುದಿನದ ವಾಸನೆಯ ನೂಲಿನಿಂದ ಬೇಗ ಹೊಲಿದುಕೊಂಡಳು. ಅವಳ ಗ್ರೀಸು ಹತ್ತಿದ ಚಿಂದಿಯನ್ನು ಆಪೊ ಬಹಳ ಜಾಗ್ರತೆಯಿಂದ ತನ್ನ ಮೊಣಕಾಲಿಗೆ ಹೊಲಿದುಕೊಂಡ. ಇಂಥ ಚಿಂದಿಯನ್ನು ಒಪ್ಪಿಕೊಂಡನಲ್ಲ ಎಂಬುದೇ ಬಸ್ಸಿನವರಿಗೆ ಅವನ ಪ್ರೇಮದ ಆಳಕ್ಕೆ ಸಾಕ್ಷಿಯಾಯಿತು.

ಆಮೇಲೆ ನಡೆದದ್ದನ್ನು ಅಗಾತಾ ಕೆಮಿ ಊರಿನ ಕಾಗದದ ಕಾರ್ಖಾನೆಯ ಅಂಗಳದಿಂದ ತಾಯಿಗೆ ವರದಿ ಮಾಡಿದಳು.

"ಅಮ್ಮಾ, ಇವರು ನನ್ನನ್ನ ಒಪ್ಕೊಂಡ್ರು!"

"ಯಾರೇ ಒಪ್ಕೊಂಡೋರು?"

"ಎಲ್ಲಾರೂ! ಒಬ್ಬೊಬ್ಬರೇ ಎದ್ದು ಬಂದು ಕೈ ಕುಲುಕಿದ್ರು. ಮುಂದಿನ ಸೀಟು ಬಿಟ್ಟುಕೊಟ್ರು. ಸೆಪ್ಟೆಂಬರಿಂದ ಒಂದು ಮಾತೂ ಆಡದೇ ಇದ್ದ ಹುಡುಗ ಅರ್ಧ ಚಾಕೊಲೇಟ್ ಮುರಿದು ಕೊಟ್ಟ. ಡ್ರೈವರ್ ಹಾರನ್ ಹೊಡೆದ!"

"ಏನೇ ಮಾಡ್ದೆ ಅಂಥಾದ್ದು?"

"ಏನೂ ಇಲ್ಲ. ಪ್ಯಾಂಟು ಹರ್ಕೊಂಡೆ."

ಆ ಕಡೆಯಿಂದ ತಾಯಿ ಅಂದಳು: "ಎಂಥಾ ದೇಶಾನೇ ಅದು."

ಕಾರ್ಖಾನೆ ತೋರಿಸಲು ಬಂದ ಎಂಜಿನಿಯರ್ ಇಬ್ಬರ ಕಾಲುಗಳನ್ನು ಕಂಡು ಹಿಗ್ಗಿದ. ಯಂತ್ರಗಳ ಗದ್ದಲದಲ್ಲಿ ಅವಳ ಕಿವಿಗೆ ಬಾಗಿ ಕೂಗಿದ: "ನನ್ನ ಹೆಂಡತೀದು ಕೆಂಪು!"

"ಏನು ಕೆಂಪು?"

"ಇಪ್ಪತ್ತು ವರ್ಷ ಆಯ್ತು! ಇನ್ನೂ ಇಟ್ಟಿದ್ದೀನಿ!"

ಅಗಾತಾ ಗೌರವದಿಂದ ತಲೆಯಾಡಿಸಿದಳು. ಇದು ಯಾವುದೋ ಯಂತ್ರದ ಬಿಡಿಭಾಗದ ಮಾತಿರಬೇಕು ಎಂದುಕೊಂಡಳು.

ಗುಟ್ಟು ಬಯಲಾದದ್ದು ಮಧ್ಯಾಹ್ನ, ರೊವಾನಿಯೆಮಿಯಲ್ಲಿ, ಅಲ್ಲಿಯ ವಿದ್ಯಾರ್ಥಿ ಸಂಘದವರು ಕೊಟ್ಟ ಕಾಫಿಯ ಹೊತ್ತಿಗೆ. ಹಸಿರು ಓವರಾಲಿನ ಒಬ್ಬಳು ಹುಡುಗಿ ಅಗಾತಾಳ ಪಕ್ಕಕ್ಕೆ ಬಂದು ಕುಳಿತಳು. ಆ ಓವರಾಲಿನ ಒಂದು ಕಾಲು ಮಾತ್ರ ಕಪ್ಪು ಬಟ್ಟೆಯದು.

"ಎಷ್ಟು ದಿನ ಆಯ್ತು?" ಎಂದು ನೇರಳೆ ಕಾಲನ್ನು ತೋರಿಸಿ ಕೇಳಿದಳು.

"ಇವತ್ತು ಬೆಳಿಗ್ಗೆ."

"ಅಯ್ಯೋ, ಎಷ್ಟು ಮುದ್ದಾಗಿದೆ! ಮೊದ್ಲು ಕೇಳಿದ್ದು ಯಾರು?"

"ನಾನೇ. ಬಸ್ಸಲ್ಲಿ, ಎಲ್ಲಾರ ಮುಂದೆ."

"ಧೈರ್ಯ ಬಿಡು ನಿಂದು. ನಾನು ಎರಡು ವರ್ಷ ಕಾದೆ."

"ಎರಡು ವರ್ಷ ಹರಿದದ್ದನ್ನೇ ಹಾಕ್ಕೊಂಡಿದ್ಯಾ?"

ಹಸಿರು ಹುಡುಗಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ಇಟಲಿಯವರ ಮಾತಿನ ಧಾಟಿ ಇರಬೇಕೆಂದು ಬಿಟ್ಟಳು. "ಮನೇಲಿ ಹೇಳಿದ್ಯಾ?"

"ಆಗ್ಲೇ ಫೋನ್ ಮಾಡ್ದೆ ಅಮ್ಮನಿಗೆ."

"ಏನಂದ್ರು?"

"ಎಂಥಾ ದೇಶ ಅಂದ್ರು."

"ಮೊದಮೊದ್ಲು ಹಾಗೇ. ಆಮೇಲೆ ಒಪ್ಕೋತಾರೆ. ನಮ್ಮ ಅತ್ತೆನೂ ಹಾಗೇ ಇದ್ರು. ಒಟ್ಟಿಗೆ ಮನೆ ಮಾಡೋದು ಯಾವಾಗ?"

ಅಗಾತಾಳ ಕೈಯಲ್ಲಿದ್ದ ಲೋಟ ಅರ್ಧ ದಾರಿಯಲ್ಲೇ ನಿಂತಿತು. "ಯಾರ ಜೊತೆ?"

ಹಸಿರು ಹುಡುಗಿ ಅವಳ ಮುಖ ನೋಡಿದಳು, ಕಾಲು ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ, ಮಕ್ಕಳಿಗೆ ಹೇಳುವಂತೆ, ತೋಳು ಎಂದರೇನು, ಕಾಲು ಎಂದರೇನು ಎಂಬುದನ್ನು ಬಿಡಿಸಿ ಹೇಳಿದಳು.

ಬೂಟುಗಳ ರಾಶಿಯ ಮಧ್ಯೆ, ಹೊರಬಾಗಿಲ ಬಳಿ, ಅಗಾತಾ ಹಿಲ್ಲಾಳನ್ನು ಹಿಡಿದಳು.

"ಪಾಪಿ! ಸಾಯಿಸ್ಬಿಟ್ಯಲ್ಲೇ ನನ್ನ!"

"ಓ, ಗೊತ್ತಾಯ್ತಾ?" ಅಂದಳು ಹಿಲ್ಲಾ. ಮುಖ ಅಲುಗಲಿಲ್ಲ.

"ಅವನ ಕಾಲು ಕೇಳೋಕೆ ಹಚ್ಚಿದ್ಯಲ್ಲ! ಉಚ್ಚಾರ ಬೇರೆ ತಿದ್ದಿದ್ಯಲ್ಲ!"

"ತಪ್ಪು ತಪ್ಪಾಗಿ ಕೇಳಿದ್ರೆ ಚೆನ್ನಾಗಿರ್ತಿತ್ತಾ?" ಅಂದಳು ಹಿಲ್ಲಾ. ಅಗಾತಾ ಅಳುವ ಹಂತಕ್ಕೆ ಬಂದದ್ದು ಕಂಡು ದನಿ ತಗ್ಗಿಸಿದಳು. "ನೋಡು, ನೀನು ಕೇಳ್ತೀಯ, ಅವನು ಹೆದರಿ ಸೀಟಿನ ಕೆಳಗೆ ಹೋಗ್ತಾನೆ, ಆಮೇಲೆ ನಿಂಗೆ ಹೇಳ್ತೀನಿ, ಎಲ್ಲಾರೂ ನಗೋಣ ಅಂತ ಇದ್ದೆ. ಅವನು ಕತ್ತರಿ ಕೇಳ್ತಾನೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಹಾಗಾದ್ರೆ ಈಗ್ಲೇ ಹೋಗಿ ಎಲ್ಲಾರಿಗೂ ತಮಾಷೆ ಅಂತ ಹೇಳು."

"ಹೇಳ್ತೀನಿ. ಆದ್ರೆ ಅವನಿಗೆ? ಆಪೊ ಸುಮ್ಸುಮ್ನೆ 'ಯೋ' ಅನ್ನೋನಲ್ಲ. ಅವನು ನಿಜ ಅಂದ್ಕೊಂಡಿದ್ರೆ ಇಡೀ ಬಸ್ಸಿನ ಮುಂದೆ ಮರ್ಯಾದೆ ಹೋಗುತ್ತೆ. ಅವನು ಒಂದ್ಸಲ ಬಾಗ್ಲು ಹಾಕ್ಕೊಂಡ್ರೆ ಮತ್ತೆ ತೆಗೆಯೋದು ಮುಂದಿನ ಬೇಸಿಗೇಗೇ."

ಇದು ಅಗಾತಾಳಿಗೂ ಹೊಳೆದಿತ್ತು. ನಿಜ ಹೇಳಿದರೆ ಈ ದೇಶದಲ್ಲಿ ಅವಳಿಗಿದ್ದ ಒಬ್ಬನೇ ಸ್ನೇಹಿತ ಹೋದ. ಹೇಳದಿದ್ದರೆ ಅವನಿಗೆ ಮೋಸ ಮಾಡಿದ ಹಾಗೆ. ಎರಡರಲ್ಲಿ ಯಾವುದಾದರೂ ಕ್ರಿಸ್ಮಸ್ಸಿಗೆ ಗಂಟುಮೂಟೆ ಕಟ್ಟುವುದು ಖಂಡಿತ.

ಮರುದಿನ ಬೆಳಿಗ್ಗೆ, ರೊವಾನಿಯೆಮಿಯ ವಸತಿಗೃಹದ ಊಟದ ಮನೆಯಲ್ಲಿ ಆಪೊ ಎರಡು ಬಟ್ಟಲು ಗಂಜಿ ತಂದು ಒಂದನ್ನು ಅವಳ ಮುಂದಿಟ್ಟ. ಪಕ್ಕದ ಮೇಜಿನವರು ಮೆಲ್ಲಗೆ ಎದ್ದು, ಇಬ್ಬರಿಗೂ ಏಕಾಂತ ಮಾಡಿಕೊಟ್ಟು ಹೋದರು. ಅಗಾತಾ ತಲೆ ತಗ್ಗಿಸಿ ತಿಂದಳು. ಬಟ್ಟಲು ಅರ್ಧ ಖಾಲಿಯಾದರೂ ಅವಳು ಒಂದು ಮಾತೂ ಆಡಲಿಲ್ಲ. ಆಪೊ ಚಮಚ ಕೆಳಗಿಟ್ಟ.

"ಜ್ವರವಾ?"

"ಇಲ್ಲ."

"ಹಲ್ಲು ನೋವಾ?"

"ಇಲ್ಲ ಕಣೋ."

ಅವನು ಮುಂದೆ ಕೇಳಲಿಲ್ಲ. ಆದರೆ ಅವನೂ ಗಂಜಿ ಪೂರ್ತಿ ಮಾಡಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಬಸ್ಸು ಒಂದು ಪೆಟ್ರೋಲ್ ಬಂಕಿನ ಬಳಿ ಕಾಫಿಗೆ ನಿಂತಿತು. ಬಂಕಿನ ಹಿಂದೆ ಅಂಚುಗಳಲ್ಲಿ ಹೆಪ್ಪುಗಟ್ಟುತ್ತಿದ್ದ ನದಿ. ಆಪೊ ಅಲ್ಲಿಗೆ ಹೋಗಿ ನಿಂತಿದ್ದ. ಅಗಾತಾ ಹಿಂದಿನ ರಾತ್ರಿಯಿಂದ ಕಟ್ಟಿಕೊಂಡಿದ್ದ ಭಾಷಣವನ್ನೆಲ್ಲ ಬಾಯಲ್ಲಿಟ್ಟುಕೊಂಡು ಹೋದಳು. ಅವನ ಮೊಣಕಾಲಿನಿಂದ ತೂಗುತ್ತಿದ್ದ ಗ್ರೀಸಿನ ಚಿಂದಿ ಕಂಡದ್ದೇ ಎಲ್ಲ ಮರೆತಳು.

"ಆಪೊ, ಕಾಲು ಅಂದ್ರೆ ಏನು ಅಂತ ನಂಗೆ ಗೊತ್ತಿರಲಿಲ್ಲ. ನಿನ್ನಾಣೆ. ಬರೀ ಬಟ್ಟೆ ಅಂದ್ಕೊಂಡಿದ್ದೆ."

"ಗೊತ್ತು."

"ಏನು ಗೊತ್ತು?"

"ನಿಂಗೆ ಗೊತ್ತಿಲ್ಲ ಅಂತ ಗೊತ್ತಿತ್ತು."

ಅಗಾತಾ ಅವನ ತೋಳು ಹಿಡಿದು ಜಗ್ಗಿದಳು.

"ಗೊತ್ತಿದ್ದೂ ಯಾಕೋ ಕತ್ತರಿಸ್ದೆ?"

ಆಪೊ ನದಿಯನ್ನು ನೋಡುತ್ತಾ ಅಂದ: "ನೀನು ಎಲ್ಲಾರ ಮುಂದೆ ಕೇಳ್ದೆ. ಜೋರಾಗಿ ಕೇಳ್ದೆ. ನಾನು ಇಲ್ಲ ಅಂದಿದ್ರೆ ನಿನ್ನ ಮರ್ಯಾದೆ ಹೋಗ್ತಿತ್ತು. ಹಿಲ್ಲಾ ಹೇಳಿಕೊಟ್ಟಿದ್ದಾಳೆ ಅಂತ ಅವಳ ಮುಖ ನೋಡಿದ್ರೇ ಗೊತ್ತಾಯ್ತು."

"ಅವಳ ಮುಖದಲ್ಲಿ ಏನೂ ಕಾಣಲ್ವಲ್ಲೋ."

"ಅದಕ್ಕೇ ಗೊತ್ತಾಯ್ತು."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದಳು. ಮೂಗು ಒರೆಸಿಕೊಂಡು, "ಮತ್ತೆ ನೀನು... ನನ್ನ ಮೇಲೆ... ಹಾಗೇನಾದ್ರೂ..." ಅಂದಳು.

"ಇಲ್ಲ," ಅಂದ ಆಪೊ ಬೇಗ. ಆಮೇಲೆ ನ್ಯಾಯವಾಗಿ ಯೋಚಿಸಿ, "ಅಂದ್ರೆ, ಯೋಚ್ನೆ ಮಾಡಿಲ್ಲ" ಅಂದ.

"ನಾನೂ ಮಾಡಿಲ್ಲ."

"ಸರಿ."

ಇಬ್ಬರಿಗೂ ಒಂದೇ ಸಲ ಉಸಿರು ಸರಾಗವಾಯಿತು. ಅಷ್ಟರಲ್ಲಿ ಆಪೊ, ಯಾರೂ ಕೇಳದೆ, ಇನ್ನೊಂದು ಮಾತು ಸೇರಿಸಿದ: "ನೀನು ಕ್ರಿಸ್ಮಸ್ಸಿಗೆ ಹೋದ್ರೆ ಬರಲ್ಲ ಅಂತ ಯಾರೋ ಅಂದ್ರು. ಜನವರಿಯಲ್ಲಿ ಸಮುದ್ರ ಗಟ್ಟಿಯಾಗುತ್ತೆ. ಅದರ ಮೇಲೆ ಸೈಕಲ್ ಹೊಡೀಬಹುದು."

ಇಷ್ಟು ಉದ್ದದ ಆಹ್ವಾನ ಅವನಿಂದ ಯಾರಿಗೂ ಬಂದಿರಲಿಲ್ಲ. ಅಗಾತಾ ಉತ್ತರಿಸುವ ಮುಂಚೆಯೇ ಡ್ರೈವರ್ ಹಾರನ್ ಹೊಡೆದ. ಬಸ್ಸಿನ ಬಾಗಿಲಲ್ಲಿ ಹಿಲ್ಲಾ ಕಾಫಿ ಲೋಟ ಹಿಡಿದು ನಿಂತು, ಇಬ್ಬರನ್ನೂ ಕುತೂಹಲದಿಂದ ನೋಡುತ್ತಿದ್ದಳು.

"ಅವಳಿಗೂ ಒಂದು ಪದ್ಧತಿ ಬೇಕು," ಅಂದ ಆಪೊ.

"ಎಂಥಾ ಪದ್ಧತಿ?"

"ನಿಮ್ಮೂರಿಂದು. ಮದುವೆ ಕುದುರಿಸಿದೋರಿಗೆ ಏನೋ ಮಾಡೋದು."

"ಅಂಥಾದ್ದೇನೂ ನಮ್ಮಲ್ಲಿ ಇಲ್ವಲ್ಲೋ."

"ಅದು ಹಿಲ್ಲಾಗೆ ಗೊತ್ತಿಲ್ಲ."

ಬಸ್ಸು ಹೊರಟು ಸ್ವಲ್ಪ ಹೊತ್ತಾದ ಮೇಲೆ ಅಗಾತಾ ಹಿಲ್ಲಾಳ ಪಕ್ಕಕ್ಕೆ ಬಂದು ಕುಳಿತು, ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಮುಟ್ಟಿಸಿಕೊಳ್ಳುವುದು ಅಭ್ಯಾಸವಿಲ್ಲದ ಹಿಲ್ಲಾ ಬೆಚ್ಚಿದಳು.

"ಮಾತಾಡಿದ್ವಿ," ಅಂದಳು ಅಗಾತಾ. "ಅವನು ನಿಜ ಅಂತಲೇ ಹೇಳಿದ್ದಂತೆ. ನಾನೂ ಯೋಚ್ನೆ ಮಾಡ್ದೆ. ನಿಶ್ಚಯ ಆಯ್ತು."

"ಏನು ನಿಶ್ಚಯ?"

"ಎಲ್ಲಾ ನಿನ್ನಿಂದಲೇ ಕಣೇ. ಅಜ್ಜಿಗೂ ಹೇಳ್ಬಿಟ್ಟೆ. 'ಕುದುರಿಸಿದೋಳು ಯಾರು?' ಅಂದ್ರು. ನಿನ್ನ ಹೆಸರು ಹೇಳ್ದೆ."

"ನನ್ನ ಹೆಸರು ಯಾಕೆ?"

"ನಮ್ಮಲ್ಲಿ ಕುದುರಿಸಿದೋಳು ಹೆಣ್ಣಿಗೆ ಎರಡನೇ ತಾಯಿ ಇದ್ದಂಗೆ. ಮದುವೆ ದಿನ ಚರ್ಚಿನ ಬಾಗಿಲಲ್ಲಿ ನಿಂತ್ಕೊಂಡು ಬಂದೋರನ್ನೆಲ್ಲ ತಬ್ಬಿ, ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಮನೆಯೋರ ಆರೋಗ್ಯ ವಿಚಾರಿಸ್ಬೇಕು. ಒಬ್ಬೊಬ್ಬರನ್ನೂ."

ಹಿಲ್ಲಾ ತನ್ನ ಕೈಯನ್ನು ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. "ಎಷ್ಟು ಜನ ಬರ್ತಾರೆ?"

"ಹತ್ತಿರದೋರು ಮಾತ್ರ. ಇನ್ನೂರು."

ಹಿಲ್ಲಾ ಹಿಂದಿನ ಸೀಟಿನ ಕಡೆ ತಿರುಗಿದಳು. ಸುಳ್ಳು ಹೇಳದವನೆಂದು ಎರಡೂ ವಿಭಾಗಗಳಲ್ಲಿ ಹೆಸರಾದ ಆಪೊ ಅಲ್ಲಿ ಕುಳಿತಿದ್ದ.

"ನಮ್ಮಮ್ಮನೂ ಕೇಳಿದ್ರು ನಿನ್ನ," ಅಂದ.

ಅಷ್ಟರಲ್ಲಿ ಅಗಾತಾ ಅಜ್ಜಿಗೆ ವಿಡಿಯೊ ಕರೆ ಮಾಡಿಯಾಗಿತ್ತು. ಪರದೆಯ ತುಂಬ ಅಸ್ಸುಂತಾ ಅಜ್ಜಿಯ ಮುಖ ಬಂತು. ಹಿಂದೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅಜ್ಜಿಗೆ ಯಾವ ಕಥೆಯೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಫೋನಿನಲ್ಲಿ ಅವಳು ಯಾವಾಗಲೂ ಆಡುವ ರೀತಿಯೇ ಈ ಕೆಲಸಕ್ಕೆ ಸಾಕಿತ್ತು.

"ಅಜ್ಜಿ, ಇವಳೇ ಹಿಲ್ಲಾ. ನನ್ನನ್ನ ನೋಡ್ಕೊಳ್ಳೋಳು," ಅಂದಳು ಅಗಾತಾ ತಮ್ಮ ಭಾಷೆಯಲ್ಲಿ.

"ಅಯ್ಯೋ ದೇವರೇ!" ಎಂದು ಅಜ್ಜಿ ಕೂಗಿದ್ದು ಡ್ರೈವರಿಗೂ ಕೇಳಿಸಿತು. "ಎಷ್ಟು ಬಿಳಿಚಿಕೊಂಡಿದ್ದಾಳೆ! ಊಟಕ್ಕೇನು ಹಾಕ್ತಾರೆ ಈ ಮಗೂಗೆ?"

"ಏನಂತೆ?" ಎಂದು ಹಿಲ್ಲಾ ಪಿಸುಗುಟ್ಟಿದಳು.

"'ನನ್ನ ಮೊಮ್ಮಗಳ ಬಾಳು ಬೆಳಗಿದೋಳು ಇವಳೇನಾ' ಅಂತಿದ್ದಾರೆ."

"ಕೆನ್ನೆ ನೋಡು, ಕೆನ್ನೇನೇ ಇಲ್ಲ!" ಅಜ್ಜಿ ತನ್ನ ಎರಡೂ ಕೆನ್ನೆಗಳನ್ನು ಹಿಂಡಿ ತೋರಿಸಿದಳು. "ಪಿತ್ತಕೋಶ ಸರಿ ಇಲ್ಲ ಅನ್ಸುತ್ತೆ. ಕಳಿಸ್ಕೊಡು ಇಲ್ಲಿಗೆ. ಒಂದು ತಿಂಗಳು ನಾನು ನೋಡ್ಕೋತೀನಿ!"

"ಎರಡೂ ಕೆನ್ನೆಗೆ ಹೀಗೆ ಹಿಂಡಿ ಮುತ್ತು ಕೊಡ್ಬೇಕಂತೆ. ಅಭ್ಯಾಸಕ್ಕೆ ಒಂದು ತಿಂಗಳು ಮುಂಚೆನೇ ಬಾ ಅಂತಿದ್ದಾರೆ."

ತೆಳ್ಳಗಿನ ಯಾರನ್ನು ಕಂಡರೂ ಅಳುವ ಅಜ್ಜಿ ಆಗ ಅಳತೊಡಗಿದಳು. ಅಳುತ್ತಲೇ ಫೋನಿಗೆ ಮುತ್ತಿಟ್ಟಳು. ಪರದೆಯ ತುಂಬ ಎರಡು ತುಟಿಗಳು ಬಂದವು. ಹಿಲ್ಲಾಳ ಮುಖ, ಬಹುಶಃ ಮೊದಲ ಸಲ, ಅಲುಗಿತು. ಅವಳು ಎದ್ದು, ಸೀಟುಗಳನ್ನು ಹಿಡಿದುಕೊಳ್ಳುತ್ತಾ ಮುಂದಕ್ಕೆ ನಡೆದು, ಡ್ರೈವರ್ ಬಳಿಯ ಮೈಕನ್ನು ಎತ್ತಿಕೊಂಡಳು.

"ನಾನು ಹಿಲ್ಲಾ," ಅಂದಳು. ಎಲ್ಲರಿಗೂ ಗೊತ್ತಿತ್ತು. "ಕಾಲು ಅಂದ್ರೆ ಏನು ಅಂತ ಅಗಾತಾಗೆ ಗೊತ್ತಿರಲಿಲ್ಲ. ನಾನೇ ಹೇಳದೆ ಅವಳನ್ನ ಕೇಳೋಕೆ ಕಳಿಸ್ದೆ. ತಪ್ಪು ನಂದು. ಆಪೊದೂ ತಪ್ಪಿಲ್ಲ, ಅವಳಿಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ."

"ಗೊತ್ತಿತ್ತು," ಅಂದ ಆಪೊ ಹಿಂದಿನಿಂದ. "ಸೀರಿಯಸ್ ಆಗೇನೂ ಕೊಟ್ಟಿದ್ದಲ್ಲ. ಅವಳಿಗೆ ಒಂದು ಕಾಲು ಬೇಕಿತ್ತು."

ಹಿಲ್ಲಾ ಮೈಕ್ ಹಿಡಿದುಕೊಂಡೇ ನಿಂತಳು. "ಹಾಗಾದ್ರೆ ಮದುವೆ?"

"ಯಾರ ಮದುವೆ?" ಅಂದಳು ಅಗಾತಾ. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಬಸ್ಸಿಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. ಮೊದಲು ಡ್ರೈವರ್ ನಕ್ಕ, ಆಮೇಲೆ ಈಜುಕೊಳದ ಫ್ರೆಂಚ್ ಹುಡುಗ, ಅವನಂತೂ ಸೀಟಿನ ಮೇಲೆ ನಿಂತು ಹಿಲ್ಲಾಳಿಗೆ ಬಗ್ಗಿ ನಮಸ್ಕರಿಸಿದ. ಆಮೇಲೆ ಎಲ್ಲರೂ. ಚಾಕೊಲೇಟ್ ಕೊಟ್ಟಿದ್ದ ಹುಡುಗ ಮಾತ್ರ ಗಂಭೀರವಾಗಿ ಕುಳಿತಿದ್ದ. ಅಗಾತಾ ಅವನ ಬಳಿಗೆ ಹೋಗಿ ಕೇಳಿದಳು:

"ಚಾಕೊಲೇಟ್ ವಾಪಸ್ ಕೊಡ್ಬೇಕಾ?"

ಅವನು ಯೋಚಿಸಿದ. "ಬೇಡ," ಅಂದ. ಉಳಿದ ಅರ್ಧವನ್ನೂ ತೆಗೆದು ಕೊಟ್ಟ.

ಫೋನಿನಲ್ಲಿ ಅಜ್ಜಿ ಇನ್ನೂ ಇದ್ದಳು. ಹಿಂದೆ ಕುಳಿತ ಆ ಉದ್ದನೆಯ ಹುಡುಗ ಯಾರು, ಅವನಾದರೂ ಊಟ ಮಾಡಿದ್ದಾನಾ ಎಂದು ಕೇಳುತ್ತಿದ್ದಳು.

ಸೋಮವಾರ ಪ್ರಯೋಗಾಲಯ ಮುಗಿದ ಮೇಲೆ ಕಾಲುಗಳನ್ನು ಬಿಚ್ಚಿದರು. ನೂಲು ಗಟ್ಟಿಯಾಗಿದ್ದುದರಿಂದ ಬಿಚ್ಚುವುದು ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬದಲಿಗೆ ಎಡತೋಳುಗಳನ್ನು ಅದಲುಬದಲು ಮಾಡಿಕೊಂಡರು. ಆ ಕೆಲಸಕ್ಕೆ ಸುತ್ತಲಿದ್ದವರು ಯಾರೂ ತಲೆಯೆತ್ತಿ ನೋಡಲಿಲ್ಲ. ಅಗಾತಾಳ ಹರಿದ ಕಾಲಿನ ಜಾಗಕ್ಕೆ ಹಿಲ್ಲಾಳ ಒಳ್ಳೆಯ ಕಾಲು ಬಂತು. ಗ್ರೀಸಿನ ಚಿಂದಿ ಶಿಕ್ಷೆಯಾಗಿ ಹಿಲ್ಲಾಳ ಪಾಲಾಯಿತು. ಮೇ ಹಬ್ಬದವರೆಗೂ ತೊಡಬೇಕೆಂದು ಎರಡೂ ವಿಭಾಗಗಳು ಸೇರಿ ತೀರ್ಮಾನಿಸಿದವು.

ವಸತಿ ಕಚೇರಿಗೆ ಅಗಾತಾ ಅದೇ ವಾರ ಹೋಗಿ ಕೋಣೆ ತನಗೇ ಇರಲಿ ಎಂದು ಹೇಳಿ ಬಂದಳು. ಕ್ರಿಸ್ಮಸ್ಸಿಗೆ ಕತಾನಿಯಾಕ್ಕೆ ಹೋದಳು, ಜನವರಿ ಮೊದಲ ವಾರ ಔಲುವಿಗೆ ಮರಳಿದಳು.